ವಾಸನೆ ನನ್ನದೇ ಅಂದೆ

ನಮ್ಮೂರಿನಲ್ಲಿ ಗಾಳಿ ಬೀಸುವುದಿಲ್ಲ. ಮಳೆ ಬಂದರೆ ತೂಗುಗುಂಡು ಬಿಟ್ಟ ಹಾಗೆ ನೆಟ್ಟಗೆ ಬೀಳುತ್ತದೆ. ಒಲೆಯ ಹೊಗೆ ಮಾಳಿಗೆಯ ಮೇಲೆ ಕಂಬದಂತೆ ನಿಂತು, ಬೇಸರ ಬಂದಾಗ ತಾನೇ ಕರಗುತ್ತದೆ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಒಣಹಾಕಿದ ಸೀರೆ ಅಲುಗದಿರುವುದನ್ನು ನೋಡಿ ಮೊದಮೊದಲು ಹೆದರುತ್ತಾರೆ, ಆಮೇಲೆ ಅದೂ ರೂಢಿಯಾಗುತ್ತದೆ. ಎಂದಿಗೂ ರೂಢಿಯಾಗದೆ ಉಳಿಯುವುದು ವಾಸನೆಯೊಂದೇ. ಇವತ್ತಿನ ಒಗ್ಗರಣೆ ನಾಳೆ ಬೆಳಗಿನವರೆಗೂ ಪಡಸಾಲೆಯಲ್ಲೇ ಕೂತಿರುತ್ತದೆ. ಸತ್ತವರು ಮಣ್ಣಾಗಿ ಎಷ್ಟೋ ದಿನವಾದರೂ ಅವರ ತಲೆಯೆಣ್ಣೆ, ತಂಬಾಕು, ಬೆವರು ಮಂಚದ ಸುತ್ತ ಹಾಗೇ ಇರುತ್ತದೆ. ಮೊಮ್ಮಕ್ಕಳು ಆ ಜಾಗಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತು ಬರುತ್ತಾರೆ. ಕರೆಂಟು ಬಂದ ಹೊಸತರಲ್ಲಿ ಕೆಲವರು ಫ್ಯಾನು ಹಾಕಿಸಿದ್ದರು. ಒಬ್ಬರ ಮನೆಯ ವಾಸನೆ ಇನ್ನೊಬ್ಬರ ಮನೆಗೆ ನುಗ್ಗಿ, ಹೆಂಗಸರು ಜುಟ್ಟು ಹಿಡಿಯುವ ಮಟ್ಟಕ್ಕೆ ಜಗಳವಾಗಿ, ಪಂಚರು ಸೇರಿ ಎಲ್ಲರ ಫ್ಯಾನನ್ನೂ ಇಳಿಸಿಬಿಟ್ಟರು.

ಇಂಥ ಊರಿನಲ್ಲಿ ಹೆಣ್ಣು ನೋಡುವುದಕ್ಕೆ ಕಣ್ಣು ಸಾಲದು. ಗಂಡಿನ ಕಡೆಯ ಹಿರಿಯ ಹೆಂಗಸರು ಬಂದು, ಹೆಣ್ಣಿನ ಎದುರು ಕಣ್ಣು ಮುಚ್ಚಿ ಕೂರುತ್ತಾರೆ. ಅದಕ್ಕೆ ಮೂಗಿನ ಶಾಸ್ತ್ರವೆನ್ನುತ್ತಾರೆ. ನನ್ನ ಶಾಸ್ತ್ರವಾದಾಗ ನಮ್ಮತ್ತೆ ಕಣ್ಣು ತೆರೆದು, "ಹುಡುಗಿ ಹಸೇ ಕೊತ್ತಂಬರಿ ಇದ್ದಂಗ ಅದಾಳ" ಅಂದಿದ್ದಳಂತೆ. ಆ ಒಂದು ಮಾತಿನ ಮೇಲೆ ನಾನು, ಹಂಪವ್ವ, ಊದಿನಕಡ್ಡಿ ಅಂಗಡಿಯ ರಾಚಪ್ಪನ ಹೆಂಡತಿಯಾದೆ. ಗಾಳಿಯಿಲ್ಲದ ಊರಿನಲ್ಲಿ ಊದಿನಕಡ್ಡಿ ಅಂಗಡಿಯವನೆಂದರೆ ಸಾಮಾನ್ಯನಲ್ಲ. ಹುಟ್ಟಿದ ಮನೆಯೂ ಅವನನ್ನು ಕರೆಯುತ್ತದೆ, ಸತ್ತ ಮನೆಯೂ ಕರೆಯುತ್ತದೆ. ಮಗಳು ಹುಟ್ಟಿದಾಗ ಅವನೇ ಅವಳಿಗೆ ಕೇತಕಿ ಅಂತ ಹೆಸರಿಟ್ಟ.

ಬಾಣಂತನ ಮುಗಿಸಿ ಬಂದ ವರ್ಷವೇ ನನ್ನ ಬಲಗಂಕುಳಲ್ಲಿ ಕಡಲೆಗಾತ್ರದ ಗಂಟೊಂದು ಎದ್ದಿತು. ಕುರು ಅಂದುಕೊಂಡೆವು. ಒಡೆಯಿತು, ಒಣಗಿತು. ಪಕ್ಕದಲ್ಲೇ ಇನ್ನೊಂದು ಎದ್ದಿತು. ಆಮೇಲೆ ಎಡಗಂಕುಳು, ಆಮೇಲೆ ತೊಡೆಸಂದು, ಸ್ತನದ ಕೆಳಗಿನ ಮಡಿಕೆ. ಒಂದು ಕುರುವಿನಿಂದ ಇನ್ನೊಂದು ಕುರುವಿಗೆ ಚರ್ಮದ ಒಳಗೇ ಇಲಿ ಬಿಲ ತೋಡಿದ ಹಾಗೆ ದಾರಿಯಾಯಿತು. ಒಂದನ್ನು ಒತ್ತಿದರೆ ಮತ್ತೊಂದರ ಬಾಯಲ್ಲಿ ಕೀವು ಬರುತ್ತಿತ್ತು. ಕೈ ಮೇಲೆತ್ತಿ ಜಡೆ ಹಾಕಿಕೊಳ್ಳುವುದು ನಿಂತಿತು, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುವುದು ನಿಂತಿತು. ವಾಸನೆಯ ಬಗ್ಗೆ ನಾನು ಹೇಳುವುದಿಲ್ಲ. ನಾನು ಕೂತೆದ್ದು ಹೋದ ಜಾಗದಲ್ಲಿ ನನ್ನ ಬದಲು ಅದು ಕೂತಿರುತ್ತಿತ್ತು ಅಂದರೆ ಸಾಕು.

ಹೊಲಸು, ಅಂದರು ಎಲ್ಲರೂ. ಮೈ ಸರಿಯಾಗಿ ತೊಳೆಯೋದಿಲ್ಲ ಅಂದರು. ದಿನಕ್ಕೆ ಮೂರು ಸಲ ಮಿಂದೆ. ಸೀಗೆಪುಡಿ ಹಾಕಿ ತಿಕ್ಕಿದೆ, ತೆಂಗಿನ ನಾರಿನಿಂದ ತಿಕ್ಕಿದೆ, ಬೇವಿನ ಸೊಪ್ಪು ಅರೆದು ಕಟ್ಟಿದೆ. ತಿಕ್ಕಿದಷ್ಟೂ ಕೆರಳಿತು. ನಮ್ಮೂರಿನ ಡಾಕ್ಟರು ಕುಯ್ದು ಕೀವು ತೆಗೆದ, ಗುಳಿಗೆ ಕೊಟ್ಟ. ಗುಳಿಗೆ ಇರುವಷ್ಟು ದಿನ ಸುಮ್ಮನಿದ್ದು ಮತ್ತೆ ಅಲ್ಲೇ ಎದ್ದಿತು. "ಸ್ವಚ್ಛ ಇರಬೇಕವ್ವಾ" ಅಂದ ಅವನೂ.

ರಾಚಪ್ಪ ಕೆಟ್ಟವನಲ್ಲ. ಹೊಡೆಯಲಿಲ್ಲ, ತವರಿಗೆ ಕಳಿಸಲಿಲ್ಲ. ಹಿತ್ತಲಲ್ಲಿ ಒಂದು ಕೋಣೆ ಕಟ್ಟಿಸಿದ. ಸುಣ್ಣ ಹೊಡೆಸಿ, ಕಿಟಕಿ ಇಡಿಸಿ, ಒಳ್ಳೆಯ ಮಂಚ ಹಾಕಿಸಿದ. "ಅಂಗಡಿಗೆ ಗಿರಾಕಿ ಬರ್ತಾರ ನೋಡು" ಅಂದ, ಅಷ್ಟೇ. ಕೇತಕಿ ಮುಂದಿನ ಮನೆಯಲ್ಲಿ ಅಜ್ಜಿಯ ಹತ್ತಿರ ಬೆಳೆದಳು. ಸಂಜೆ ಹಿತ್ತಲ ಕಲ್ಲಿನ ಮೇಲೆ ಕೂತು ನನಗೆ ಶಾಲೆಯ ಸುದ್ದಿ ಹೇಳುತ್ತಿದ್ದಳು. ಕಲ್ಲಿನಿಂದ ಈಚೆಗೆ ಬರುತ್ತಿರಲಿಲ್ಲ. ನಾನೂ ಕರೆಯುತ್ತಿರಲಿಲ್ಲ.

ಅಜ್ಜಿ ತೀರಿಕೊಂಡು, ಕೇತಕಿಗೆ ಗಂಡು ಹುಡುಕುವ ಮಾತು ಶುರುವಾದ ಹೊತ್ತಿಗೆ, ಒಂದು ದಿನ ಅವಳು ಕಲ್ಲು ದಾಟಿ ನನ್ನ ಮಂಚದವರೆಗೆ ಬಂದಳು. "ಅವ್ವಾ, ಗುಡ್ಡದಾಚಿ ಊರಾಗ ದೊಡ್ಡ ದವಾಖಾನಿಗೆ ಚರ್ಮದ ಡಾಕ್ಟರ್ ಬಂದಾಳಂತ. ಬೆಳಕಿನ ಮಿಷನ್‍ಲೆ ಸುಡ್ತಾಳಂತ. ನಾ ಕರಕೊಂಡು ಹೋಗ್ತೀನಿ, ನಡಿ" ಅಂದಳು. ಮಗಳು ನನಗಾಗಿ ಇಷ್ಟು ಯೋಚನೆ ಮಾಡಿದ್ದಾಳಲ್ಲ ಅಂದುಕೊಂಡು ಅವತ್ತೇ ಸೀರೆ ಮಡಿಚಿಟ್ಟುಕೊಂಡೆ.

ಬಸ್ಸು ಗುಡ್ಡ ಹತ್ತಿ ಇಳಿಯುತ್ತಿದ್ದಂತೆ ಕಿಟಕಿಯಲ್ಲಿ ಗಾಳಿ ನುಗ್ಗಿತು. ಇಷ್ಟು ವರ್ಷ ನನ್ನ ಜೊತೆ ಬಾಳ್ವೆ ಮಾಡಿದ್ದನ್ನು ಅದು ಕ್ಷಣದಲ್ಲಿ ಎತ್ತಿಕೊಂಡು ಹೊಲದ ಮೇಲೆ ಹೋಯಿತು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ನನಗೆ ಎಲೆಯಡಿಕೆ ಕೊಟ್ಟಳು. ನನ್ನ ಪಕ್ಕ ಯಾರಾದರೂ ಕೂತು ಎಲೆಯಡಿಕೆ ಕೊಟ್ಟಿದ್ದು ಯಾವ ಕಾಲದಲ್ಲಿ ಎಂಬುದು ನೆನಪಾಗಲಿಲ್ಲ.

ಡಾಕ್ಟರ್ ಸಬೀಹಾ ನನ್ನ ಕೈಯನ್ನು ತಾನೇ ಮೇಲೆತ್ತಿ ಹಿಡಿದು ನೋಡಿದಳು. ಮುಖ ತಿರುಗಿಸಲಿಲ್ಲ. "ಎಷ್ಟು ವರ್ಷದಿಂದ ಹೀಂಗ ಅನುಭವಿಸ್ತೀರಿ ತಾಯಿ?" ಅಂದಳು. ನಾನು ಕೇತಕಿಯನ್ನು ತೋರಿಸಿ, "ಈಕಿ ವಯಸ್ಸಷ್ಟು" ಅಂದೆ. "ತಪ್ಪು ನಂದ ರೀ. ಎಷ್ಟು ತೊಳದರೂ ಹೊಲಸು ಹೋಗವಲ್ದು."

"ಹೊಲಸಲ್ಲ ಇದು" ಅಂದಳು ಡಾಕ್ಟರು. "ತೊಳಿಯೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೂದಲಿನ ಬುಡ ಕಟ್ಟಿಕೊಂಡು ಒಳಗ ಒಡೀತದ. ಅದಕ್ಕ ಮೈ ತನ್ನ ಮ್ಯಾಲೆ ತಾನ ಸಿಟ್ಟಿಗೇಳ್ತದ. ಯಾರಿಗೂ ಅಂಟೂದಿಲ್ಲ. ನೀವು ತಿಕ್ಕಿ ತಿಕ್ಕಿ ಇನ್ನಷ್ಟು ಜಾಸ್ತಿ ಮಾಡಿಕೊಂಡೀರಿ, ಅಷ್ಟ."

ನಾನು ಅತ್ತುಬಿಟ್ಟೆ. ರೋಗಕ್ಕೆ ಅಳಲಿಲ್ಲ. ತೆಂಗಿನ ನಾರನ್ನು ನೆನೆಸಿಕೊಂಡು ಅತ್ತೆ.

ಕೇತಕಿ ಒಂದರ ಮೇಲೊಂದು ಪ್ರಶ್ನೆ ಕೇಳುತ್ತಿದ್ದಳು. ಮಿಷನ್ನು ಏನು ಮಾಡುತ್ತದೆ, ನೋವಾಗುತ್ತದೆಯೆ, ಕಲೆ ಉಳಿಯುತ್ತದೆಯೆ. ಡಾಕ್ಟರು ಬಿಡಿಸಿ ಹೇಳಿದಳು. ಹೊಸದಾಗಿ ಶುರುವಾಗಿದ್ದರೆ ಒಂದು ಬಗೆಯ ಲೇಸರಿನಿಂದ ಕೂದಲಿನ ಬುಡವನ್ನಷ್ಟೇ ಸುಟ್ಟರೆ ಎಷ್ಟೋ ಮಂದಿಗೆ ಹಿಡಿತಕ್ಕೆ ಬರುತ್ತದೆ. ನನ್ನದು ಹಳೆಯದು, ಒಳಗೆ ಬಿಲಗಳಾಗಿವೆ. ಇನ್ನೊಂದು ಲೇಸರಿನಿಂದ ಆ ಬಿಲಗಳ ಮೇಲ್ಪದರ ತೆರೆದು, ಒಳಗಿನ ಕೆಟ್ಟ ಚರ್ಮವನ್ನೆಲ್ಲ ಸುಟ್ಟು ತೆಗೆಯಬೇಕು. ಹೊಲಿಗೆ ಹಾಕುವುದಿಲ್ಲ. ಗಾಯ ತೆರೆದೇ ಇದ್ದು ತಳದಿಂದ ಮಾಯುತ್ತ ಬರಬೇಕು. "ಪೂರ್ತಿ ಹೋಗ್ತದಂತ ನಾ ಆಣಿ ಮಾಡಂಗಿಲ್ಲ. ಆದರ ನೀವು ಬದುಕುವಂಗ ಆಗ್ತದ" ಅಂದಳು.

"ಮಕ್ಕಳಿಗೂ ಬರ್ತದೇನ್ರಿ?" ಅಂತ ಕೇಳಿದಳು ಕೇತಕಿ, ಕೊನೆಗೆ.

"ಕೆಲವು ಮನ್ಯಾಗ ಬರ್ತದ. ಬಂದರ ಲಗೂನ ತೋರಸ್ಬೇಕು."

ಕೇತಕಿ ತಲೆಯಾಡಿಸಿದಳು. ಒಳ್ಳೆಯ ಮಗಳು, ಎಲ್ಲ ವಿಚಾರಿಸಿಕೊಳ್ಳುತ್ತಾಳೆ ಅಂದುಕೊಂಡೆ.

ಸೂಜಿ ಚುಚ್ಚಿ ಮರಗಟ್ಟಿಸಿದರು. ಕಣ್ಣಿಗೆ ಕನ್ನಡಕ ಹಾಕಿದರು. ಬೆಳಕು ತಾಗಿದಾಗ ನೋವಿರಲಿಲ್ಲ, ನನ್ನದೇ ಮಾಂಸ ಸುಡುವ ವಾಸನೆಯಿತ್ತು. ನರ್ಸು ಒಂದು ಕೊಳವೆ ಹಿಡಿದು ಆ ಹೊಗೆಯನ್ನು ಹೀರಿಸುತ್ತಿದ್ದಳು. ಸಂಜೆ ಮರಗಟ್ಟಿದ್ದು ಬಿಟ್ಟಾಗ ಕಂಕುಳಲ್ಲಿ ಕೆಂಡ ಇಟ್ಟ ಹಾಗಾಯಿತು. ಒಂದು ಸಲಕ್ಕೆ ಒಂದು ಜಾಗ, ಅದು ಮಾಯ್ದ ಮೇಲೆ ಇನ್ನೊಂದು. ದವಾಖಾನೆಯ ಹಿಂದಿನ ಧರ್ಮಶಾಲೆಯಲ್ಲಿ ಉಳಿದುಕೊಂಡೆ. ದಿನಾ ಗಾಯ ತೊಳೆದು, ಮುಲಾಮು ಹಚ್ಚಿ, ಬಟ್ಟೆ ಬದಲಿಸುತ್ತಿದ್ದರು. ನೋಡನೋಡುತ್ತ ನಾನೇ ಕಲಿತೆ. ಅಲ್ಲಿಗೆ ಹೋದಾಗ ಚಳಿಗಾಲ. ಮರಳುವಾಗ ಮಾವು ಮಾರುಕಟ್ಟೆಗೆ ಬಂದಿತ್ತು. ಕಂಕುಳಲ್ಲಿ ಗುಲಾಬಿ ಬಣ್ಣದ ನುಣ್ಣನೆ ಕಲೆಗಳು. ಎರಡೂ ಕೈ ಎತ್ತಿ ನಾನೇ ಜಡೆ ಹಾಕಿಕೊಂಡೆ.

ಊರಿಗೆ ಬಂದಾಗ ರಾಚಪ್ಪ ಬಾಗಿಲಲ್ಲಿ ನಿಂತು ಉಸಿರೆಳೆದ. ಇನ್ನೊಮ್ಮೆ ಎಳೆದ. "ಏನೂ ಇಲ್ಲಲ್ಲ!" ಅಂದ. ಆದರೆ ಹಿತ್ತಲ ಕೋಣೆಯಲ್ಲಿ ಎಲ್ಲವೂ ಹಾಗೇ ಇತ್ತು. ಗೋಡೆಗೆ ಕೂತದ್ದು ಹೋಗುವುದಕ್ಕೆ ನಮ್ಮೂರಿನಲ್ಲಿ ದಾರಿಯೇನಿದೆ? ಮುಂದಿನ ಮನೆಗೆ ಬಾ ಅಂತ ಅವನು ಬಾಯಿಬಿಟ್ಟು ಕರೆಯಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನು ಹಗಲು ಮುಂದೆ ಇದ್ದು, ಮಲಗುವುದಕ್ಕೆ ಹಿಂದೆ ಹೋಗುತ್ತಿದ್ದೆ. ಓಣಿಯವರಂತೂ ನನ್ನನ್ನು ಕಂಡರೆ ಮೊದಲಿನಂತೆಯೇ ಆ ಕಡೆಯ ಗೋಡೆಗೆ ಸರಿಯುತ್ತಿದ್ದರು. ಕಾಲಿಗೆ ರೂಢಿಯಾದ ದಾರಿ ಮೂಗನ್ನು ಕೇಳುವುದಿಲ್ಲ.

ಮೇಲಿನ ಓಣಿಯ ಹಿಟ್ಟಿನ ಗಿರಣಿಯವರ ಮನೆಯಿಂದ ಕೇತಕಿಗೆ ಸಂಬಂಧ ಬಂತು. ಹುಡುಗ ಮುರಿಗೆಪ್ಪ ಒಳ್ಳೆಯವನು. ಅವನ ತಾಯಿ ಅನಪೂರ್ಣಕ್ಕ ಮೂಗಿನ ವಿಷಯದಲ್ಲಿ ಊರಿಗೇ ಹೆಸರಾದವಳು. ಎರಡು ಗೋಣಿ ಗೋಧಿಯಲ್ಲಿ ಯಾವುದು ಹಳತು ಅಂತ ಚೀಲ ಬಿಚ್ಚದೆ ಹೇಳುತ್ತಾಳೆ ಅನ್ನುತ್ತಿದ್ದರು. ಶಾಸ್ತ್ರದ ದಿನ ನಾನೂ ಪಡಸಾಲೆಯಲ್ಲಿ ಇರಬೇಕು ಅಂತ ರಾಚಪ್ಪನೇ ಹೇಳಿದ. "ಜಡ್ಡು ಹೋಗೇತಿ ಅಂತ ಜನರಿಗೂ ಗೊತ್ತಾಗ್ಲಿ" ಅಂದ. ಹೊಸ ಸೀರೆ ಉಟ್ಟು, ಎಷ್ಟೋ ವರ್ಷದ ಮೇಲೆ ನಾನು ನಾಲ್ಕು ಜನರ ನಡುವೆ ಜಮಖಾನೆಯ ಮೇಲೆ ಕೂತೆ.

ಅನಪೂರ್ಣಕ್ಕ, ಅವಳ ಇಬ್ಬರು ನಾದಿನಿಯರು ಎದುರು ಕೂತು ಕಣ್ಣು ಮುಚ್ಚಿದರು. ಕೇತಕಿ ನನ್ನ ಪಕ್ಕ ತಲೆ ತಗ್ಗಿಸಿ ಕೂತಿದ್ದಳು. ಮೈಗೆ ಚಂದನ, ಜಡೆಗೆ ಮಲ್ಲಿಗೆ. ಆಗ ನನ್ನ ಮೂಗಿಗೆ ಆ ವಾಸನೆ ಬಂತು. ಚಂದನದ ಅಡಿಯಿಂದ, ಮಲ್ಲಿಗೆಯ ಅಡಿಯಿಂದ, ತೆಳ್ಳಗೆ. ನಾನು ಹುಚ್ಚಿಯ ಹಾಗೆ ನನ್ನ ಎರಡೂ ತೋಳು ಮೈಗೆ ಒತ್ತಿಕೊಂಡೆ. ಒಣಗಿತ್ತು. ಎಲ್ಲೂ ನೋವಿರಲಿಲ್ಲ, ಪಸೆಯಿರಲಿಲ್ಲ. ಕೇತಕಿಯ ಕಡೆ ನೋಡಿದೆ. ಅವಳ ಬಲಗೈ ಮೈಯಿಂದ ಸ್ವಲ್ಪವೇ ದೂರವಿತ್ತು, ತಾಗಿದರೆ ಉರಿಯುವವರು ಇಟ್ಟುಕೊಳ್ಳುವ ಹಾಗೆ. ಹಾಗೆ ಕೈ ಇಟ್ಟುಕೊಂಡು ನಾನು ಅರ್ಧ ಆಯುಸ್ಸು ಕಳೆದಿದ್ದೇನೆ.

ಅನಪೂರ್ಣಕ್ಕ ಕಣ್ಣು ತೆರೆದಳು. "ಏನೋ ಐತಿ" ಅಂದಳು.

ನಾದಿನಿಯರೂ ಕಣ್ಣು ತೆರೆದರು. ರಾಚಪ್ಪ ನನ್ನ ಕಡೆ ನೋಡಿದ. ಅವನ ಮುಖದಲ್ಲಿ ಸಂಶಯವೇ ಇರಲಿಲ್ಲ. "ನಮ್ಮಾಕಿಗೆ ಇನ್ನೂ ಪೂರ್ತಿ ಆರಿಲ್ಲರೀ" ಅಂದ, ತಗ್ಗಿದ ದನಿಯಲ್ಲಿ. ಕೇತಕಿ ಜಮಖಾನೆಯ ಅಂಚಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದಳು. ಸುತ್ತಿ ಸುತ್ತಿ ಬೆರಳ ತುದಿ ಬಿಳಿಚಿತ್ತು. ತಲೆಯೆತ್ತಲಿಲ್ಲ.

"ಹೌದ್ರಿ, ನಂದ" ಅಂದೆ ನಾನು. "ಮನಸ್ಸಿಗೆ ಹಚ್ಚಿಕೊಬ್ಯಾಡ್ರಿ. ಮಗಳ ಕಾರ್ಯ ಅಂತ ಆಸೆಪಟ್ಟು ಬಂದು ಕುಂತೆ." ಎದ್ದು ಹಿತ್ತಲಿಗೆ ನಡೆದೆ. ನಾನು ಎದ್ದ ಮೇಲೂ ವಾಸನೆ ಅಲ್ಲೇ ಇದ್ದಿರಬೇಕು. ಇದ್ದರೇನು, ನಮ್ಮೂರಿನಲ್ಲಿ ಎದ್ದು ಹೋದವರ ವಾಸನೆ ಕೂತೇ ಇರುತ್ತದಲ್ಲ. ಯಾರಿಗೂ ಅನುಮಾನ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಸಂಬಂಧ ಗಟ್ಟಿಯಾಗಿ ಸಕ್ಕರೆ ಹಂಚಿದ ಸದ್ದು ಕೇಳಿಸಿತು.

ಅವರು ಹೋದ ಮೇಲೆ ಕೇತಕಿ ಬಂದಳು. ಕದ ಹಾಕಿ ಕುಪ್ಪಸದ ಗುಂಡಿ ಬಿಚ್ಚಿದಳು. ಕಂಕುಳಲ್ಲಿ ಹತ್ತಿ, ಹತ್ತಿಯ ಮೇಲೆ ಕರ್ಪೂರದ ಪುಡಿ. ಕೆಳಗೆ ಒಡೆದ ಗಂಟು ಒಂದು, ಒಡೆಯಲಿರುವುದು ಒಂದು.

"ಯಾವಾಗಿಂದ?"

"ನಿನ್ನ ದವಾಖಾನಿಗೆ ಕರಕೊಂಡು ಹೋಗೂಕಿಂತ ಮೊದಲ."

ಆಗ ನನಗೆ ಅವಳ ಪ್ರಶ್ನೆಗಳೆಲ್ಲ ಅರ್ಥವಾದವು. ಅವಳು ನನ್ನನ್ನು ಕರೆದುಕೊಂಡು ಹೋದದ್ದು ಯಾರಿಗಾಗಿ ಎಂಬುದೂ ಅರ್ಥವಾಯಿತು. ಬೇಜಾರು ಮಾಡಿಕೊಳ್ಳಲಿಕ್ಕೂ ಪುರುಸೊತ್ತಿರಲಿಲ್ಲ. "ನಾಳಿ ಬಸ್ಸಿಗೆ ಹೋಗೂಣು. ಇನ್ನೂ ಎಳೀದೈತಿ. ಕೂದಲ ಬುಡ ಸುಟ್ಟರ ಸಾಕು, ಆ ಡಾಕ್ಟರ್ ಹೇಳಿಲ್ಲೇನು?" ಅಂದೆ.

"ಮದವಿ ಆಗ್ಲಿ."

"ಆಮ್ಯಾಲೆ ಅವರಿಗೆ ಗೊತ್ತಾಗಂಗಿಲ್ಲೇನ?"

"ಆಮ್ಯಾಲೆ ಗೊತ್ತಾದ್ರ ನನಗೂ ಒಂದು ಕೋಣಿ ಕಟ್ಟಸ್ತಾರ. ಈಗ ಗೊತ್ತಾದ್ರ ಅದೂ ಇಲ್ಲ." ಗುಂಡಿ ಹಾಕಿಕೊಳ್ಳುತ್ತ ಅಂದಳು, "ನಿನಗ ಮದವಿ ಆದ ಮ್ಯಾಲೆ ಬಂತು. ನೀ ಪುಣ್ಯವಂತಿ, ಬಿಡು."

ನಾನು ಪುಣ್ಯವಂತೆ. ಅಪ್ಪನಿಗೆ ಹೇಳುತ್ತೇನೆ ಅಂತ ಹೆದರಿಸಿದೆ. ಅವಳು ನನ್ನ ಕಾಲು ಹಿಡಿದಳು. ಚಿಕ್ಕಂದಿನಿಂದ ನನ್ನನ್ನು ಮುಟ್ಟದೆ ಬೆಳೆದ ಕೈಗಳು ನನ್ನ ಪಾದ ಹಿಡಿದು ಬಿಡಲೊಲ್ಲವು. ನಾನು ಹೇಳಲಿಲ್ಲ.

ಮದುವೆಯ ದಿನ ನಾನು ಹಿತ್ತಲ ಕೋಣೆಯಲ್ಲಿದ್ದೆ. ವಾಲಗ ಕೇಳಿಸಿತು. ತಾಯಿ ಮಾಡಬೇಕಾದ ಶಾಸ್ತ್ರಗಳನ್ನೆಲ್ಲ ರಾಚಪ್ಪನ ತಂಗಿ ಮಾಡಿದಳು.

ಗಿರಣಿಯ ಮನೆಯಲ್ಲಿ ಕೇತಕಿ ಹೇಗೆ ದಿನ ತಳ್ಳಿದಳೋ ದೇವರೇ ಬಲ್ಲ. ಹಿಟ್ಟಿನ ವಾಸನೆ ದಟ್ಟವಾದ ಮನೆ. ಸದಾ ಗಿರಣಿಯ ಹತ್ತಿರವೇ ಕೆಲಸ ಹಚ್ಚಿಕೊಂಡು ಇರುತ್ತಿದ್ದಳಂತೆ. ಎಂಥ ದುಡಿಯುವ ಸೊಸೆ ಅಂತ ಹೊಗಳುತ್ತಿದ್ದರಂತೆ. ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಬಂದಳು. ಮುಖ ಜ್ವರದಲ್ಲಿ ಬೆಂದಿತ್ತು. ಬಲಗೈ ಎತ್ತಲಾಗುತ್ತಿರಲಿಲ್ಲ.

"ಅವ್ವಾ, ತಯಾರಾಗು. ನಿನ್ನ ಜಡ್ಡು ಮತ್ತ ಎದ್ದೈತಿ, ಆಪರೇಷನ್ ಮಾಡಸ್ಬೇಕು, ಚಾಕರಿಗೆ ನಾ ಇರಬೇಕು ಅಂತ ಅತ್ತಿಗೆ ಹೇಳಿ ಬಂದೀನಿ."

"ನನ್ನ ಜಡ್ಡ?"

"ಮತ್ತ ಯಾರದು ಅಂತ ಹೇಳ್ಬೇಕಿತ್ತು?"

ಡಾಕ್ಟರ್ ಸಬೀಹಾ ನನ್ನನ್ನು ಕಂಡ ಕೂಡಲೇ, "ಮತ್ತ ಬಂತೇನು ತಾಯಿ?" ಅಂದಳು. ನಾನಲ್ಲ ಅಂದೆ. ಅವಳು ಕೇತಕಿಯ ತೋಳೆತ್ತಿ, ಗಂಟುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. "ನಿಮಗ ನಾ ಅವತ್ತ ಹೇಳಿದ್ದೆ. ನೀವೂ ಇದ್ದಿರಿ" ಅಂದಳು ಅವಳಿಗೆ. "ಆಗ ಬಂದಿದ್ರ ಬರೇ ಕೂದಲ ಬುಡ ಸುಟ್ಟು ನೋಡಬಹುದಿತ್ತು. ಈಗ ಒಳಗ ದಾರಿ ಆಗೇದ. ತೆರೀಬೇಕು." ಕೇತಕಿ ಗೋಡೆ ನೋಡಿದಳು. ಒಳಗೆ ಲೇಸರು ಗುಂಯ್‌ಗುಟ್ಟುವಾಗ ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಕಿಟಕಿಯಲ್ಲಿ ಗಾಳಿ ಬೀಸುತ್ತಿತ್ತು. ಅದರಿಂದ ಈ ಸಲ ನನಗೇನೂ ಸುಖವಾಗಲಿಲ್ಲ.

ಧರ್ಮಶಾಲೆಯಲ್ಲಿ ಉಳಿದರೆ ಅವಳ ಗಂಡ ನೋಡಲು ಬರುತ್ತಾನೆ, ಯಾವ ಹಾಸಿಗೆಯಲ್ಲಿ ಯಾರಿದ್ದಾರೆ ಅಂತ ನೋಡುತ್ತಾನೆ. ಆದ್ದರಿಂದ ಊರಿಗೇ ಮರಳಿದೆವು. ಬಸ್ಸಿನಿಂದ ಇಳಿಯುವಾಗ ಗಾಯದ ತೋಳಿನಲ್ಲೇ ಅವಳು ನನ್ನನ್ನು ಆತು ಹಿಡಿದಳು. ಜನ ನೋಡುತ್ತಿದ್ದರು. ನೋವಿಗೆ ಅವಳ ತುಟಿ ಅದುರುತ್ತಿತ್ತು. ನಾನು ಕಾಲೆಳೆದುಕೊಂಡು, ನರಳುತ್ತ ನಡೆದೆ.

ಹಿತ್ತಲ ಕೋಣೆಯಲ್ಲಿ ನಾನು ಮಂಚದ ಮೇಲೆ, ಅವಳು ನೆಲದ ಮೇಲೆ. ಕದ ಹಾಕಿದ್ದರೆ ನಾನೆದ್ದು ಅವಳನ್ನು ಮಂಚದ ಮೇಲೆ ಮಲಗಿಸಿ, ಗಾಯ ತೊಳೆದು ಬಟ್ಟೆ ಬದಲಿಸುತ್ತಿದ್ದೆ. ಕದ ತಟ್ಟಿದರೆ ನಾನು ಮಲಗಿ ಹೊದ್ದುಕೊಳ್ಳಬೇಕು, ಅವಳು ಎದ್ದು ಕುಪ್ಪಸ ಸರಿಮಾಡಿಕೊಂಡು ಬಾಗಿಲು ತೆಗೆಯಬೇಕು. ನೀರಿನ ಕೊಡ ತರಬೇಕಾದವಳು ಅವಳು, ಹಾಸಿಗೆಬಟ್ಟೆ ಒಗೆಯಬೇಕಾದವಳು ಅವಳು. ಹಿತ್ತಲ ಗೋಡೆಯ ಮೇಲಿಂದ ನೆರೆಯ ಹೆಂಗಸರು ನೋಡುತ್ತಾರಲ್ಲ. ಗಟ್ಟಿಮುಟ್ಟಾದ ಎರಡು ಕೈಗಳನ್ನು ಹೊದಿಕೆಯೊಳಗಿಟ್ಟುಕೊಂಡು ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ತೆರೆದ ಗಾಯದ ಮಗಳು ಹಲ್ಲು ಕಚ್ಚಿ ಬಾವಿಯ ಹಗ್ಗ ಎಳೆಯುತ್ತಿದ್ದಳು. ಒಮ್ಮೆ ತಡೆಯಲಾರದೆ ಎದ್ದು ಹೊಸ್ತಿಲವರೆಗೆ ಹೋದೆ. "ಒಳಗ ಹೋಗು!" ಅಂದಳು, ನಾಯಿಗೆ ಗದರುವ ಹಾಗೆ.

ರಾಚಪ್ಪ ಹಾಲು ತಂದು ಬಾಗಿಲಲ್ಲಿಟ್ಟ. ಅವಳು ಪಾತ್ರೆ ಎತ್ತಿಕೊಳ್ಳುವಾಗ ಎಡಗೈ ಚಾಚಿದ್ದನ್ನು ನೋಡಿದ. ನನ್ನನ್ನೂ ನೋಡಿದ. ತಿಳಿಯಿತು ಅವನಿಗೆ. "ಹುಡುಗಿ ಬಾಳೇವು ನೆಟ್ಟಗಿರಲಿ" ಅಂದಷ್ಟೇ ಹೇಳಿ ಅಂಗಡಿಗೆ ಹೋದ.

ವಾರ ಕಳೆದ ಮೇಲೆ ಅನಪೂರ್ಣಕ್ಕ ಬಂದಳು. ಬೆಲ್ಲ, ಗೋಧಿಹಿಟ್ಟು ತಂದಿದ್ದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತಳು. ನಾನು ಗಲ್ಲದವರೆಗೆ ಹೊದ್ದುಕೊಂಡೆ. ಅವಳು ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು, ಆಮೇಲೆ ನನ್ನ ಕಡೆ ನೋಡಿ ಮರುಕದಿಂದ ತಲೆಯಾಡಿಸಿದಳು. ಅವಳ ಕಣ್ಣು ನೀರಾಗಿತ್ತು. ಸೊಸೆಯ ತಲೆ ಸವರಿದಳು.

"ಇಂಥಾ ಮಗಳು ಯಾರಿಗೆ ಹುಟ್ಟಬೇಕ್ರಿ? ಹೇಸಿಗಿ ಇಲ್ಲ, ಬ್ಯಾಸರ ಇಲ್ಲ. ನೋಡ್ರಿ ಹೆಂಗ ಸೊರಗ್ಯಾಳ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲೇನಲ್ಲ, ನಿಜವಾಗಿ ಒಳ್ಳೆಯದು ಬಯಸುವ ದನಿಯಲ್ಲಿ, "ಆ ದೇವರು ನಿಮಗೊಂದು ಬಿಡುಗಡಿ ಕೊಟ್ರ, ಈ ಕೂಸಿಗೂ ಬಿಡುಗಡಿ ಆಕ್ಕೈತ್ರಿ" ಅಂದಳು.

ನಾನು ಕೇತಕಿಯ ಮುಖ ನೋಡಿದೆ. ಏನಾದರೂ ಅಂದಾಳೆಂದು ಕಾದೆ. ಹಾಗನ್ನಬ್ಯಾಡ್ರಿ ಅತ್ತಿ ಅಂದರೂ ಸಾಕಿತ್ತು.

"ಹೌದ್ರಿ ಅತ್ತಿ" ಅಂದಳು ಕೇತಕಿ. ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅನಪೂರ್ಣಕ್ಕ ಹೋದಳು. ಕೇತಕಿ ಕದ ಹಾಕಿ ಅಗುಳಿ ಜಡಿದು, ಬಂದು ಮಂಚದ ಅಂಚಿಗೆ ಕೂತಳು. ಬಟ್ಟೆ ಬದಲಿಸುವ ಹೊತ್ತಾಗಿತ್ತು. ನಾನೆದ್ದು ಕೈ ತೊಳೆದುಕೊಂಡು, ಅವಳ ತೋಳನ್ನು ಮೆಲ್ಲಗೆ ಮೇಲೆತ್ತಿ, ಹಳೆಯ ಬಟ್ಟೆ ನೆನೆಸಿ ಬಿಡಿಸಿದೆ. ಕೀವಿರಲಿಲ್ಲ. ತಳದಿಂದ ಕೆಂಪಗೆ, ಹಸನಾಗಿ ತುಂಬಿಕೊಂಡು ಬರುತ್ತಿತ್ತು.

"ಹೆಂಗೈತಿ?" ಅಂತ ಕೇಳಿದಳು, ನನ್ನ ಮುಖ ನೋಡದೆ.

"ಚಲೋ ಮಾಯಾಕತ್ತೈತಿ" ಅಂದೆ.